ಮುಯ್ಯಿ ಗಂಜಿ

ಫೋನು ಬಂದಾಗ ನಾನು ಬಾಳಗಡಿಯ ಹಿಟ್ಟಿನ ಗಿರಣಿಯಲ್ಲಿ ನಿಂತಿದ್ದೆ. ಗಿರಣಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. ಕೇಳಿಸಿದ ಅರ್ಧಕ್ಕೇ ಹಿಟ್ಟಿನ ಡಬ್ಬಿಯನ್ನು ಅಲ್ಲೇ ಕುಕ್ಕಿ, ರಸ್ತೆಗೆ ಓಡಿಬಂದು, "ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ ಹೇಳಿ!" ಎಂದು ಕೂಗಿದೆ. ಆ ಕಡೆಯಿಂದ ಸಂಸ್ಥೆಯ ಹುಡುಗ ನಗುತ್ತಾ ಹೇಳಿದ: "ಮೇಡಂ, ನಿಮ್ಮ ಶಾಲೆ ನೋಡೋಕೆ ಬರ್ತಾ ಇದ್ದಾರೆ. ಹೊರದೇಶದ ಮೇಡಮ್ಮೇ ಬರ್ತಾರೆ. ಒಪ್ಪಿಗೆ ಆದ್ರೆ ಬೆಳಗಿನ ತಿಂಡಿ, ಓದೋ ಕೋಣೆ, ಎರಡೂ ನಿಮಗೇ."

ಆ ಸಂಸ್ಥೆಯದು ಹೊರದೇಶದ ಹಣ, ಬೆಂಗಳೂರಿನ ಆಫೀಸು. ನಮ್ಮಂಥ ಕಡೆಯ ಸರ್ಕಾರಿ ಶಾಲೆಗಳಿಗೆ ಬೆಳಗಿನ ಹೊತ್ತು ಮಕ್ಕಳಿಗೆ ತಿನ್ನಲು ಕೊಡುವುದು, ಒಂದು ಕೋಣೆ ತುಂಬ ಪುಸ್ತಕ ಇಡುವುದು ಅವರ ಯೋಜನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿಗೂ ಸೇರಿ ಸದ್ಯಕ್ಕೆ ಒಂದೇ ಶಾಲೆ. ಆ ಒಂದು ನಮ್ಮದಾಗಬೇಕು ಎಂದು ನಾನು ಆ ಹುಡುಗನಿಗೆ ಫೋನು ಮಾಡಿ ಮಾಡಿ ತಲೆ ತಿಂದಿದ್ದೆ. ಶಿವಮೊಗ್ಗದ ಕಡೆಯವನು, ಒಳ್ಳೆಯವನು, ಒಮ್ಮೆಯೂ ಫೋನು ಕಟ್ ಮಾಡಲಿಲ್ಲ. ಬೇರೆಯವರಾಗಿದ್ದರೆ ನನ್ನ ನಂಬರನ್ನು ಬ್ಲಾಕ್ ಮಾಡುತ್ತಿದ್ದರು.

ಮಧ್ಯಾಹ್ನದ ಬಿಸಿಯೂಟ ಇದೆಯಲ್ಲ, ಹಾಲು ಕೊಡುತ್ತಾರಲ್ಲ, ಇನ್ನೇನು ಬೇಕು ಎಂದು ಕೇಳುವವರು ಇದ್ದಾರೆ. ಇದೆ, ನಾನು ಇಲ್ಲವೆನ್ನುವುದಿಲ್ಲ. ಬಿಸಿಯೂಟ ಬಂದಮೇಲೆ ಮಕ್ಕಳ ಮೈಯಲ್ಲಿ ಮಾಂಸ ಕಂಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ನಾನು ಕೆಲಸ ಮಾಡುವ ಈ ಮೇಗುಂದ ಹೋಬಳಿಯ ಶಾಲೆಗೆ ಮಕ್ಕಳು ಗುಡ್ಡ ಹತ್ತಿಳಿದು ಬರುತ್ತಾರೆ. ಅಡಿಕೆ ಕೊಯ್ಲಿನ ಕಾಲದಲ್ಲಂತೂ ಕೂಲಿಗೆ ಹೋಗುವ ತಾಯಂದಿರು ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾರೆ. ಮಕ್ಕಳ ಹೊಟ್ಟೆಗೆ ಬಿದ್ದಿರುವುದು ಒಂದು ಲೋಟ ಕಪ್ಪು ಚಹಾ, ಇದ್ದರೆ ಒಂದು ಬನ್ನು. ಖಾಲಿ ಹೊಟ್ಟೆಗೆ ಹಾಲು ಕುಡಿದು ವಾಂತಿ ಮಾಡುತ್ತಿದ್ದವು. ಬೆಳಗಿನ ಎರಡು ಪಿರಿಯಡ್ಡು ನಾನು ಕಲಿಸುತ್ತಿದ್ದುದು ಮಕ್ಕಳಿಗಲ್ಲ, ಗೋಡೆಗೆ.

ಅದರಲ್ಲೂ ಒಬ್ಬಳು ನನ್ನ ತಲೆಯೊಳಗೆ ಕೂತಿದ್ದಳು. ಆರನೇ ತರಗತಿಯ ಹುಡುಗಿ. ಹಾವೇರಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ತೋಟದ ಕೂಲಿಮನೆಯಲ್ಲಿ ನೆಲೆ ನಿಂತವರ ಮಗಳು. ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಓದುತ್ತಿರಲಿಲ್ಲ, ನುಂಗುತ್ತಿದ್ದಳು. ನನ್ನ ಮೇಜಿನ ಮೇಲಿನ ಹಳೆಯ ಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಅವಳಿಗೊಬ್ಬ ಪುಟ್ಟ ತಮ್ಮ. ಅಮ್ಮ ಕೊಯ್ಲಿಗೆ ಹೋದಮೇಲೆ ಇವಳು ಒಲೆ ಹೊತ್ತಿಸಿ, ಅವನಿಗೆ ಬೇಯಿಸಿ, ಉಣ್ಣಿಸುವಷ್ಟರಲ್ಲಿ ನಮ್ಮ ಶಾಲೆಯ ಅರ್ಧ ದಿನ ಕಳೆದಿರುತ್ತಿತ್ತು. ಹಿಂದಿನ ವರ್ಷದ ಕೊಯ್ಲಿನಲ್ಲಿ ಬಂದದ್ದಕ್ಕಿಂತ ಬಾರದಿದ್ದದ್ದೇ ಹೆಚ್ಚು. ಈ ವರ್ಷ ಅವರಮ್ಮ ಪೂರ್ತಿ ಬಿಡಿಸುವ ಮಾತಾಡಿದ್ದಳು.

"ಸಣ್ಣಾವ್ನ ಯಾರ್ ನೋಡ್ಕೊಂತಾರ್ರಿ ಟೀಚರ್? ಉಪವಾಸ ಬಿಟ್ಟು ಹೋಗ್ಲೇನು?" ಎಂದು ಕೇಳಿದ್ದಳು. ಅಂಗನವಾಡಿ ನಮ್ಮ ಶಾಲೆಯ ಪಕ್ಕದಲ್ಲೇ ಇದೆ, ತಮ್ಮನನ್ನು ಅಲ್ಲಿ ಬಿಡಬಹುದು. ಆದರೆ ಅದಕ್ಕೆ ಮೊದಲು ಅವನ ಹೊಟ್ಟೆ ತುಂಬಬೇಕಲ್ಲ.

"ಶಾಲೆಯಲ್ಲೇ ಬೆಳಿಗ್ಗೆ ಇಬ್ಬರಿಗೂ ತಿನ್ನಕ್ಕೆ ಕೊಟ್ರೆ?" ಎಂದೆ.

"ಹಂಗಾದ್ರ ಕಳಸ್ತೀನ್ರಿ," ಎಂದಿದ್ದಳು.

ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಸಂಸ್ಥೆಯ ಬೆನ್ನು ಬಿದ್ದದ್ದು. ಹಾಗಾಗಿ ಗಿರಣಿಯ ಮುಂದೆ ನಾನು ಕುಣಿದದ್ದಕ್ಕೆ ಕಾರಣವಿತ್ತು. ಗಿರಣಿಯವರು ಹಿಟ್ಟಿನ ಡಬ್ಬಿ ಹಿಡಿದು ಹೊರಗೆ ಬಂದು, "ಟೀಚರ್‌ಗೆ ಲಾಟರಿ ಹೊಡೀತಾ?" ಎಂದು ಕೇಳಿದರು. ಹೌದು ಎಂದೆ.

ಮಾರನೇ ದಿನವೇ ಶಾಲಾ ಸಮಿತಿಯ ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿದೆ. ಅವರು ಊರಿನ ಹಳೆಯ ಮನೆತನದವರು, ಅಡಿಕೆ ಬೆಳೆಗಾರರು, ಮಾತಿಗೆ ಮೊದಲು ಒಮ್ಮೆ ಕೆಮ್ಮುವ ಅಭ್ಯಾಸದವರು. ಕೆಮ್ಮಿದರು. "ಹೊರದೇಶದವರು ನಮ್ಮ ಶಾಲೆಗಾ?" ಎಂದರು. ಆಮೇಲೆ ಅವರ ಮುಖ ಅರಳಿದ್ದು ನೋಡಬೇಕಿತ್ತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹರಡಿತು, ಅದರ ಮರುದಿನ ಸಭೆ ಸೇರಿತು. ನಮ್ಮ ಸಭೆಗಳಿಗೆ ಕರೆದರೂ ಬಾರದವರು ಅವತ್ತು ಕರೆಯದೆ ಬಂದಿದ್ದರು.

ಸಭೆಯಲ್ಲಿ ಯೋಜನೆಯ ಬಗ್ಗೆ ನಾನು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಅವರಿಗೆ ಕೇಳಿಸಿದ್ದು ಒಂದೇ ಶಬ್ದ: ನೆಂಟರು.

"ಬಂದವರಿಗೆ ಆಸರಿಗೆ ಎಂತ ಮಾಡೂದು?" ಎಂದು ಯಾರೋ ಕೇಳಿದರು. ಅಷ್ಟೇ. ಆಮೇಲೆ ಆ ಸಭೆ ಅಡುಗೆಮನೆಯಾಯಿತು. ಬಾಯಾರಿಕೆಗೆ ಬರೀ ಆಸರಿಯ ಪಾನಕ ಸಾಕೇ? ಕಡುಬು ಮಾಡಿದರೆ? ಅವರಿಗೆ ಖಾರ ಆಗುತ್ತದೋ ಇಲ್ಲವೋ? ಹೋಳಿಗೆ ಮಾಡದೆ ಹೇಗೆ ಕಳಿಸುವುದು? ಒಬ್ಬರು ಜೇನುತುಪ್ಪ ತರುತ್ತೇನೆ ಎಂದರು, ಇನ್ನೊಬ್ಬರು ಹಲಸಿನ ಹಪ್ಪಳ. ನಮ್ಮ ಬಿಸಿಯೂಟದ ಅಡುಗೆಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೇಸರಿಬಾತು ನಂದು, ಯಾರೂ ಕೈ ಹಾಕೂದು ಬ್ಯಾಡ," ಎಂದು ಘೋಷಿಸಿದಳು. ನಾನು ಸುಮ್ಮನಿದ್ದೆನೇ? ಶೃಂಗೇರಿಯ ತವರುಮನೆಗೆ ಫೋನು ಮಾಡಿ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿಯನ್ನು ಬಸ್ಸಿನಲ್ಲಿ ಹಾಕಿಸಿ ತರಿಸಿದೆ. ಬಂದ ನೆಂಟರೆದುರು ಇಲ್ಲದ್ದನ್ನು ಹೇಳಿಕೊಳ್ಳುವ ಅಭ್ಯಾಸ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಮನೆಯಲ್ಲಿ ಅಕ್ಕಿ ತಳ ಮುಟ್ಟಿದ್ದರೂ ಪಕ್ಕದ ಮನೆಯಿಂದ ಹಿತ್ತಿಲ ಬಾಗಿಲಲ್ಲಿ ತಂದು, ಮುಂಬಾಗಿಲಲ್ಲಿ ಕೂತವರಿಗೆ ಎರಡನೇ ಸಲ ಬಡಿಸುವವರು ನಾವು.

ಅವರು ಬಂದ ದಿನ ಶಾಲೆ ಗುರುತೇ ಸಿಗುತ್ತಿರಲಿಲ್ಲ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಮಕ್ಕಳ ತಲೆಗೆ ಎಣ್ಣೆ, ಕೈಯಲ್ಲಿ ಡೇರೆ ಹೂವು. ಹೆಣ್ಣುಮಕ್ಕಳು ಬೆಳಿಗ್ಗೆಯೇ ಬಂದು ಅಡುಗೆಕೋಣೆ ತುಂಬಿದ್ದರು. ಆ ಘಮಕ್ಕೆ ಮಕ್ಕಳು ಬಾಗಿಲಲ್ಲೇ ನಿಂತುಬಿಟ್ಟವು. "ಪಾಪ, ನೆಂಟರು ಬರೂವರೆಗೆ ಕಾಯ್ಸೂದೆಂತಕ್ಕೆ," ಎಂದು ಅಡುಗೆಯಕ್ಕ ಎಲ್ಲರಿಗೂ ಹೋಳಿಗೆ ತುಪ್ಪ ಬಡಿಸಿಯೇಬಿಟ್ಟಳು. ಆ ಹುಡುಗಿಯೂ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಳು. ಅವನ ಎರಡೂ ಕೈಯಲ್ಲಿ ಒಂದೊಂದು ಹೋಳಿಗೆ. ನಾನೂ ನೋಡಿ ಖುಷಿಪಟ್ಟೆ. ಬುದ್ಧಿ ಎಲ್ಲಿಗೆ ಹೋಗಿತ್ತೋ!

ಹೊರದೇಶದ ಆ ಮೇಡಂ ವಯಸ್ಸಾದವರು, ಬೆಳ್ಳಿ ಕೂದಲು, ಹತ್ತಿ ಕುರ್ತಾ, ಸದಾ ನಗುಮುಖ. ಕಾರಿನಿಂದ ಇಳಿದವರೇ ಮಕ್ಕಳ ಜೊತೆ ನೆಲದ ಮೇಲೆ ಕೂತರು. ನನಗೆ ಅಲ್ಲೇ ಅವರು ಇಷ್ಟವಾದರು. ಬಾಳೆಲೆಯ ಮೇಲೆ ಕಡುಬು, ಚಟ್ನಿ, ಹೋಳಿಗೆ, ಕೇಸರಿಬಾತು, ಹಪ್ಪಳ, ಉಪ್ಪಿನಕಾಯಿ. ಒಂದೊಂದನ್ನೂ ಕೇಳಿ ಕೇಳಿ ತಿಂದರು. ಜೊತೆಗೆ ಬಂದಿದ್ದ ನಮ್ಮ ಶಿವಮೊಗ್ಗದ ಹುಡುಗನೂ ಹೋಳಿಗೆಗೆ ಕಮ್ಮಿ ಮಾಡಲಿಲ್ಲ. ಊಟವಾದ ಮೇಲೆ ಮೇಡಂ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವನೇ ಕನ್ನಡದಲ್ಲಿ ಮಕ್ಕಳಿಗೆ ಕೇಳಿದ: "ಮಕ್ಕಳೇ, ಇವತ್ತು ಬೆಳಿಗ್ಗೆ ಏನು ತಿಂದ್ರಿ?"

"ಹೋಳಿಗೆಏಏ!" ಎಂದು ಇಡೀ ಶಾಲೆ ಒಂದೇ ಉಸಿರಿನಲ್ಲಿ ಕೂಗಿತು.

ನಾನು ದಡಕ್ಕನೆ ಎದ್ದು ನಿಂತೆ. "ಇವತ್ತು ಮಾತ್ರ..." ಎನ್ನುವಷ್ಟರಲ್ಲಿ ಮೇಡಂ ಅಧ್ಯಕ್ಷರ ಕಡೆ ತಿರುಗಿ ಇನ್ನೊಂದು ಪ್ರಶ್ನೆ ಹಾಕಿಯಾಗಿತ್ತು. ಹಸಿದುಕೊಂಡು ಶಾಲೆಗೆ ಬರುವ ಮಕ್ಕಳು ಇಲ್ಲಿದ್ದಾರೆಯೇ ಎಂದು. ಅಧ್ಯಕ್ಷರು ಕೆಮ್ಮಿದರು. ಬಿಳಿ ಅಂಗಿಯ ಕಾಲರು ಸರಿ ಮಾಡಿಕೊಂಡರು. "ಛೆ ಛೆ! ನಮ್ಮೂರಲ್ಲಿ ಹಸಿದವರು ಯಾರೂ ಇಲ್ಲ. ದೇವರು ಕೊಟ್ಟಿದಾನೆ," ಎಂದರು. ಸುತ್ತ ನಿಂತ ಊರೆಲ್ಲ ತಲೆಯಾಡಿಸಿತು. ನಾನು ಬಾಯಿಬಿಟ್ಟರೆ ಅಷ್ಟೂ ಜನರ ನಡುವೆ, ನೆಂಟರ ಎದುರು, ಆ ಹಿರಿಯರನ್ನು ಸುಳ್ಳುಗಾರರೆಂದ ಹಾಗಾಗುತ್ತಿತ್ತು. ನನ್ನ ಬಾಯಿಗೆ ಬೀಗವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅವತ್ತು ಮಾತ್ರ ಎಲ್ಲಿಂದಲೋ ಬೀಗ ಬಂದು ಬಿತ್ತು.

ಸಂಸ್ಥೆಯವರಿಗೆ ಆಮೇಲಾದರೂ ನಿಜ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಫಲಿತಾಂಶ ಬಂತು. ಶಿವಮೊಗ್ಗದ ಹುಡುಗ ಫೋನಿನಲ್ಲಿ ತಡವರಿಸಿದ: "ಮೇಡಂಗೆ ನಿಮ್ಮ ಶಾಲೆ ತುಂಬಾ ಇಷ್ಟ ಆಯ್ತು. ಆದ್ರೆ ಅಲ್ಲಿ ಊಟಕ್ಕೆ ಏನೂ ತೊಂದ್ರೆ ಇಲ್ಲ, ಬೇರೆ ಕಡೆ ಇನ್ನೂ ಕಷ್ಟದಲ್ಲಿದ್ದಾರೆ ಅಂದ್ರು." ಯೋಜನೆ ನರಸಿಂಹರಾಜಪುರ ತಾಲ್ಲೂಕಿಗೆ, ಮುತ್ತಿನಕೊಪ್ಪದ ಕಡೆಯ ಒಂದು ಶಾಲೆಗೆ ಹೋಯಿತು. ಅಲ್ಲಿನ ಟೀಚರು ನನ್ನ ಟ್ರೈನಿಂಗಿನ ದಿನಗಳ ಗೆಳತಿ. ಅವಳೇ ಫೋನು ಮಾಡಿ ಹೇಳಿದಳು: "ನಾವೂ ಭರ್ಜರಿ ಅಡುಗೆ ಮಾಡ್ಬೇಕು ಅಂತಿದ್ವಿ ಮಾರಾಯ್ತಿ. ಅವತ್ತೇ ಗ್ಯಾಸ್ ಖಾಲಿ ಆಗ್ಬೇಕಾ! ಬಂದವರಿಗೆ ಬರೀ ಕಪ್ಪು ಚಾ ಕೊಟ್ಟು ನಾಚಿಕೆಯಿಂದ ಸತ್ತೇಹೋಗಿದ್ದೆ."

ಅವಳ ಮಕ್ಕಳಿಗೂ ಅದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಆ ವಾರದಿಂದಲೇ ಕೊಯ್ಲು ಜೋರಾಯಿತು. ಆ ಹುಡುಗಿಯ ಜಾಗ ಖಾಲಿ ಬಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಶಾಲೆ ಬಿಟ್ಟವಳೇ ಸ್ಕೂಟರನ್ನು ನೇರ ಅಧ್ಯಕ್ಷರ ಮನೆಗೆ ಓಡಿಸಿದೆ. ಅವರು ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿಸುತ್ತಿದ್ದರು. ಕೂತುಕೊಳ್ಳಿ ಎಂದರು, ಕೂರಲಿಲ್ಲ. ಆಸರಿಗೆ ಬೇಕೇ ಎಂದರು, ಅದನ್ನು ಕೇಳಿದ ಮೇಲಂತೂ ನನ್ನ ಪಿತ್ತ ನೆತ್ತಿಗೇರಿತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನಾವೇ ಮಾರಾಯ್ರೆ! ಹಸಿದವರು ಯಾರೂ ಇಲ್ಲ ಅಂದ್ರಲ್ಲ, ನಿಮ್ಮ ತೋಟದಲ್ಲೇ ಅಡಿಕೆ ಹೆಕ್ಕೋ ಹೆಂಗಸಿನ ಮಗಳು ಇವತ್ತು ಶಾಲೆಗೆ ಬಂದಿಲ್ಲ. ಎಂತಕ್ಕೆ ಗೊತ್ತುಂಟಾ? ತಮ್ಮಂಗೆ ಗಂಜಿ ಬೇಯ್ಸಕ್ಕೆ!"

ಇನ್ನೂ ಏನೇನು ಅಂದೆನೋ. ಆಳುಗಳೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಅಧ್ಯಕ್ಷರ ಮುಖ ಕೆಂಪೇರಿತು. ಬೈದು ಕಳಿಸುತ್ತಾರೆ ಅಂದುಕೊಂಡೆ. ಅವರು ಕೈಯ ಧೂಳು ಕೊಡವಿ, ಜಗಲಿಯ ಮೇಲೆ ಕೂತರು. ಕೆಮ್ಮಲೂ ಇಲ್ಲ.

"ಆಡಿದ ಮಾತು ಆಡಿಯಾಯ್ತಲ್ಲ ಟೀಚರೆ," ಎಂದರು. "ಅಷ್ಟು ದೂರದಿಂದ ಬಂದವರ ಎದುರು ಹೇಳಿದ್ದು. ಇನ್ನು ಅದನ್ನ ವಾಪಸ್ ತಗಳಕ್ಕಾಗಲ್ಲ. ನಿಜ ಮಾಡ್ಬೇಕು ಅಷ್ಟೇ."

"ಹೆಂಗೆ?"

"ಮುಯ್ಯಾಳು ಹಂಗೆ."

ಮುಯ್ಯಾಳು ನಮ್ಮ ಕಡೆಯ ಹಳೆಯ ಕ್ರಮ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ಕೂಲಿಯಿಲ್ಲ, ಉಪಕಾರವೂ ಇಲ್ಲ, ಕೈಗೆ ಕೈ. ಈಗ ನೆಟ್ಟಿ ಮಾಡುವ ಗದ್ದೆಗಳೇ ಕಮ್ಮಿಯಾಗಿ ಆ ಪದ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಅದನ್ನು ಶಾಲೆಯ ಒಲೆಗೆ ತರಬಹುದೆಂದು ನನಗೆ ಹೊಳೆದಿರಲಿಲ್ಲ. ದಿನಕ್ಕೊಂದು ಮನೆ: ಅಕ್ಕಿ ಆ ಮನೆಯದು, ಬೇಯಿಸುವ ಕೈಯೂ ಆ ಮನೆಯದು. ಪಾಳಿ ಸುತ್ತಿ ಮತ್ತೆ ಬರುವಾಗ ತಿಂಗಳು ಕಳೆದಿರುತ್ತದೆ, ಯಾರಿಗೂ ಭಾರವಿಲ್ಲ. ನಾನು ನಿಂತಲ್ಲೇ ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಈಗ ತಾನೇ ಅವರನ್ನು ಹಿಗ್ಗಾಮುಗ್ಗಾ ಬೈದವಳು ನಾನೇ ಎಂಬುದು ಮರೆತೇಹೋಗಿತ್ತು. ಆಸರಿಯ ಪಾನಕವನ್ನೂ ಎರಡು ಲೋಟ ಕುಡಿದೆ.

ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದೆನೋ, ಅದನ್ನು ಕಣ್ಣಾರೆ ಕಂಡದ್ದು ಆಗಲೇ. ಒಬ್ಬರ ಮನೆಯ ಅಟ್ಟದಿಂದ ದೊಡ್ಡ ಹಂಡೆ ಇಳಿಯಿತು. ಇನ್ನೊಬ್ಬರ ಮನೆಯಿಂದ ಸೌದೆ ಬಂತು. ಮೊದಲ ದಿನದ ಪಾಳಿ ಅಧ್ಯಕ್ಷರ ಮನೆಯದೇ. ಕೆಂಪಕ್ಕಿ ಗಂಜಿ, ಮೇಲೊಂದು ಚಮಚ ತುಪ್ಪ, ಉಪ್ಪಿನಕಾಯಿ, ಒಂದು ಪಲ್ಯ. ಚಳಿಯ ಬೆಳಗಿನಲ್ಲಿ ಹಬೆಯಾಡುವ ಗಂಜಿಯನ್ನು ಮಕ್ಕಳು ಸೊರ್ ಸೊರ್ ಎಂದು ಕುಡಿಯುವ ಸದ್ದು ಕೇಳಿ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಅವತ್ತು ಮೊದಲನೇ ಪಿರಿಯಡ್ಡಿನಲ್ಲಿ ಭಾಗಾಕಾರ ಕಲಿಸಿದೆ. ಕೈಗಳು ಎದ್ದವು! "ನಾನ್ ಹೇಳ್ತೀನಿ, ನಾನ್ ಹೇಳ್ತೀನಿ," ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಗಲಾಟೆ ಮಾಡಬೇಡಿ ಎಂದು ಬೈಯಬೇಕಾಯಿತು. ಆ ಹೊತ್ತಿನಲ್ಲಿ ಗಲಾಟೆಗೆ ಬೈದು ನನಗೆ ಎಷ್ಟು ಕಾಲವಾಗಿತ್ತೋ.

ಆದರೆ ಯಾರಿಗಾಗಿ ಇಷ್ಟೆಲ್ಲ ಹಾರಾಡಿದೆನೋ ಅವಳು ಬರಲಿಲ್ಲ. ಮೊದಲ ದಿನ ಬರಲಿಲ್ಲ, ಸುದ್ದಿ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡೆ. ಗೆಳತಿಯರ ಕೈಯಲ್ಲಿ ಹೇಳಿಕಳಿಸಿದೆ, ಆಗಲೂ ಬರಲಿಲ್ಲ. ವಾರ ಮುಗಿಯುವಷ್ಟರಲ್ಲಿ ತಡೆಯಲಾರದೆ ಸಂಜೆ ಕೂಲಿಮನೆಗೆ ಹೋದೆ. ಅವರಮ್ಮ ಆಗ ತಾನೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಹುಡುಗಿ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನ್ನಿಂದ ಸಹಿಸಲಾಗಲಿಲ್ಲ.

"ಏನಮ್ಮಾ, ಬೆಳಿಗ್ಗೆ ಇಬ್ಬರಿಗೂ ತಿನ್ನಕ್ಕೆ ಕೊಟ್ರೆ ಕಳಿಸ್ತೀನಿ ಅಂದಿದ್ದೆಯಲ್ಲ? ಈಗ ಕೊಡ್ತಾ ಇದಾರಲ್ಲ?" ಎಂದೆ.

"ಅದು ಬ್ಯಾಡ್ರಿ ಟೀಚರ್."

"ಯಾಕೆ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆವಾಗ ಯಾರೋ ಪರದೇಶದವ್ರು ಕೊಡ್ತಾರ ಅಂದಿದ್ರಿ. ಅವ್ರು ಯಾರೋ, ನಾವ್ ಯಾರೋ. ಇಸ್ಕೊಂಡು ತಿಂದ್ರ ನಡೀತಿತ್ತು. ಇವ್ರು ಹಂಗಲ್ರಿ. ದಿನಾ ಇವ್ರ ತೋಟದಾಗ ದುಡೀತೀನಿ. ನಾಳೆ ಕೂಲಿ ಹೆಚ್ಚು ಕೇಳಬೇಕಂದ್ರ ಬಾಯಿ ಬರತೈತೇನು? 'ನಿನ್ನ ಮಕ್ಕಳಿಗೆ ಗಂಜಿ ಹಾಕ್ತೀವಿ' ಅಂತ ಒಂದು ಮಾತಂದ್ರ ಮುಗೀತು. ಎದುರಾ ಎದುರು ಮುಖ ನೋಡೋರ ಕೈಯಾಗಿಂದು ನನಗ ಬ್ಯಾಡ್ರಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ದೂರದವರ ಹಣಕ್ಕಿಂತ ಊರವರ ಅಕ್ಕಿ ಹತ್ತಿರದ್ದು, ಹಾಗಾಗಿ ಒಳ್ಳೆಯದು ಎಂದು ನಾನು ಹಿಗ್ಗಿದ್ದೆ. ಅದೇ ಹತ್ತಿರ ಇವಳಿಗೆ ಉಸಿರು ಕಟ್ಟಿಸುತ್ತಿತ್ತು. ಅವಳು ಹೇಳಿದ್ದರಲ್ಲಿ ತೆಗೆದುಹಾಕುವ ಮಾತು ಒಂದೂ ಇರಲಿಲ್ಲ. ಆದರೂ ನನಗೆ ಸೋತು ಎದ್ದು ಬರಲು ಮನಸ್ಸಾಗಲಿಲ್ಲ. ಇದು ದಾನವಲ್ಲ, ಮುಯ್ಯಿ ಎಂದೆ. ಮುಯ್ಯಿ ಎಂದರೆ ಏನೆಂದು ಕೇಳಿದಳು. ಒಬ್ಬರ ಪಾಳಿಯ ದಿನ ಅವರು ಎಲ್ಲರ ಮಕ್ಕಳಿಗೆ ಬೇಯಿಸುತ್ತಾರೆ, ಉಳಿದ ದಿನ ಅವರ ಮಕ್ಕಳಿಗೆ ಉಳಿದವರು ಬೇಯಿಸುತ್ತಾರೆ, ಯಾರೂ ಯಾರ ಹಂಗಿನಲ್ಲೂ ಇಲ್ಲ ಎಂದು ಬಿಡಿಸಿ ಹೇಳಿದೆ.

ಅವಳು ಕೇಳಿದಳು: "ನನಗೂ ಒಂದು ಪಾಳಿ ಕೊಡ್ತೀರೇನ್ರಿ?"

ಎಂಥ ಪ್ರಶ್ನೆ! ಅಷ್ಟು ಮನೆಗಳ ಪಾಳಿ ಹಾಕಿದ್ದೆವು, ಕೂಲಿಮನೆಗಳ ಕಡೆ ಯಾರೂ ತಲೆಯೆತ್ತಿ ನೋಡಿರಲಿಲ್ಲ. "ಕೊಡ್ತೀವಿ," ಎಂದುಬಿಟ್ಟೆ, ಯಾರನ್ನೂ ಕೇಳದೆ.

"ಸಂತಿ ದಿನ ಕೆಲಸಕ್ಕ ರಜಾ ಇರತೈತಿ. ಅವತ್ತು ಬರ್ತೀನಿ. ನನ್ನ ಪಾಳಿ ಬಂದು ಹೋಗ್ಲಿ, ಮಾರನೇ ದಿನದಿಂದ ಮಕ್ಕಳ್ನ ಕಳಸ್ತೀನಿ. ಅದಕ್ಕ ಮೊದ್ಲ ಇಲ್ಲ," ಎಂದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಹಾಡು ಗುನುಗಿದೆ. ಮಾರನೇ ದಿನ ಸಮಿತಿಯಲ್ಲಿ ವಿಷಯ ತೆಗೆದಾಗ ಹಾಡು ನಿಂತಿತು. ಕೆಲವು ಮುಖಗಳು ಗಂಟಾದವು. "ಅವರ ಕೈಯ ಅಡುಗೆ..." ಎಂದು ಒಬ್ಬರು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಅರ್ಧ ಮಾತೇ ಸಾಕಿತ್ತು, ಎಲ್ಲರಿಗೂ ಅರ್ಥವಾಗಿತ್ತು. ನನ್ನ ಮೂಗಿನ ತುದಿಯಲ್ಲಿದ್ದ ಸಿಟ್ಟು ಇನ್ನೇನು ಬಾಯಿಗೆ ಇಳಿಯಬೇಕು, ಅಷ್ಟರಲ್ಲಿ ಅಧ್ಯಕ್ಷರು ಕೆಮ್ಮಿದರು.

"ಅಡಿಕೆ ಹೆಕ್ಕಕ್ಕೆ ಆ ಕೈ ಆಗ್ತದೆ, ಗಂಜಿ ಬೇಯ್ಸಕ್ಕೆ ಆಗಲ್ವಾ? ಮುಯ್ಯಿ ಅಂದ್ಮೇಲೆ ಮುಯ್ಯಿ. ಉಣ್ಣದವರು ಉಣ್ಣೂದು ಬ್ಯಾಡ." ಇಷ್ಟೇ ಹೇಳಿದರು. ಅವರ ಮನೆಯೊಳಗೂ ಈ ಮಾತಿಗೆ ಗಲಾಟೆಯಾಗಿದ್ದು ನನಗೆ ಆಮೇಲೆ ತಿಳಿಯಿತು, ಅವರು ಮಾತ್ರ ಅದನ್ನು ಎಂದೂ ಹೇಳಲಿಲ್ಲ.

ಈ ಮಧ್ಯೆ ಶಿವಮೊಗ್ಗದ ಹುಡುಗ ಮುತ್ತಿನಕೊಪ್ಪದ ಕಡೆ ಬಂದವನು ನಮ್ಮಲ್ಲಿಗೂ ಒಂದು ಬೆಳಿಗ್ಗೆ ಬಂದಿದ್ದ. ಇವನ ಮೇಲೆ ನನಗೆ ಸಣ್ಣ ಸಿಟ್ಟು ಉಳಿದೇ ಇತ್ತು. "ಇವತ್ತು ಹೋಳಿಗೆ ಇಲ್ಲಪ್ಪ," ಎಂದು ಚುಚ್ಚಿದೆ. ಅವನು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂತು ಗಂಜಿ ಉಂಡ, ಹಳೆಯ ಕಥೆ ಪೂರ್ತಿ ಕೇಳಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಹೋದವನು ಎಲ್ಲವನ್ನೂ ಆ ಹೊರದೇಶದ ಮೇಡಂಗೆ ಹೇಳಿದನಂತೆ. ಅವರು ತಮ್ಮ ದೇಶಕ್ಕೆ ಮರಳುವ ಮೊದಲು ಇನ್ನೊಮ್ಮೆ ನಮ್ಮ ಶಾಲೆಗೆ ಬಂದೇ ಬರುತ್ತೇನೆ, ತಿಂಡಿಯ ಯೋಜನೆಯಲ್ಲದಿದ್ದರೂ ಓದುವ ಕೋಣೆಯನ್ನಾದರೂ ಕೊಡುತ್ತೇವೆ ಎಂದರಂತೆ. ಅವರು ಬರುತ್ತೇನೆಂದ ದಿನ ನೋಡಿದರೆ ಆ ತಾಯಿಯ ಪಾಳಿಯ ದಿನ, ಸಂತೆಯ ದಿನ.

ಈ ಸಲ ಸಭೆ ಸೇರಲಿಲ್ಲ, ತೋರಣ ಕಟ್ಟಲಿಲ್ಲ. ಅಡುಗೆಯಕ್ಕನಿಗೆ ಕೇಸರಿಬಾತು ಮಾಡಕೂಡದೆಂದು ನಾನೇ ಆಣೆ ಹಾಕಿದೆ. ಆ ತಾಯಿ ಬಂದಾಗ ಇನ್ನೂ ಇಬ್ಬನಿ ಆರಿರಲಿಲ್ಲ. ತಲೆಯ ಮೇಲೊಂದು ಚೀಲ, ಮಗಳ ಸೊಂಟದ ಮೇಲೆ ಮಗ. ಚೀಲದಲ್ಲಿದ್ದದ್ದು ಜೋಳದ ನುಚ್ಚು. ಅವಳ ಊರಿನ ಹೊಲದ್ದಂತೆ, ಅಣ್ಣನ ಮನೆಯಿಂದ ಬಸ್ಸಿಗೆ ಹಾಕಿಸಿ ತರಿಸಿದ್ದಳು. ಇಲ್ಲೇ ಅಕ್ಕಿ ಸಿಗುತ್ತಿತ್ತಲ್ಲ ಎಂದರೆ, "ನನ್ನ ಪಾಳಿಗೆ ನಂದೇ ಕಾಳು," ಎಂದಳು. ಹಂಡೆಯ ಮುಂದೆ ನಿಂತು ದೊಡ್ಡ ಸೌಟಿನಲ್ಲಿ ತಿರುವಿದಳು, ಗಟ್ಟಿಯಾಗುತ್ತಲೇ ಉರಿ ತಗ್ಗಿಸಿದಳು, ಮಜ್ಜಿಗೆಗೆ ಜೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಇಡೀ ಶಾಲೆಗೆ ಹೊಸದೊಂದು ಘಮ ಹರಡಿತು. ಅಡುಗೆಯಕ್ಕ ಮೂಗರಳಿಸಿಕೊಂಡು ಹತ್ತಿರ ಹತ್ತಿರ ಸರಿದು, ಕೊನೆಗೆ ಹೇಗೆ ಮಾಡುವುದೆಂದು ಕೇಳಿಯೇಬಿಟ್ಟಳು.

ಮೇಡಂ ಬಂದಾಗ ಮಕ್ಕಳು ಕೂತಿದ್ದವು. ಒಂದೆರಡು ಮನೆಯ ಮಕ್ಕಳು ಅವತ್ತು ತಡವಾಗಿ ಬಂದು ನೇರ ತರಗತಿಗೆ ಹೋದವು. ಅದು ನನಗೆ ಕಂಡಿತು, ಆ ತಾಯಿಗೂ ಕಂಡಿತು, ಅವಳು ಸೌಟು ನಿಲ್ಲಿಸಲಿಲ್ಲ. ಉಳಿದವರು ನುಚ್ಚಿನ ಮೇಲೆ ಮಜ್ಜಿಗೆ ಸುರಿಸಿಕೊಂಡು, ಇದೆಂಥ ಹೊಸ ಗಂಜಿ ಎಂದು ಒಬ್ಬರನ್ನೊಬ್ಬರು ನೋಡಿ ನಗುತ್ತಾ ಉಣ್ಣುತ್ತಿದ್ದರು. ಅಧ್ಯಕ್ಷರು ಮಕ್ಕಳ ಸಾಲಿನ ತುದಿಯಲ್ಲಿ ಪಂಚೆ ಮಡಚಿ ಕೂತು ತಟ್ಟೆ ಮುಂದಿಟ್ಟುಕೊಂಡಿದ್ದರು. ಅವರು ಅಲ್ಲಿ ಕೂತದ್ದನ್ನು ಊರು ನೋಡಲಿ ಎಂದೇ ಬಾಗಿಲಿಗೆ ಎದುರಾಗಿ ಕೂತಿದ್ದರು ಎನ್ನುವುದು ನನ್ನ ಗುಮಾನಿ. ಹುಡುಗಿ ತಮ್ಮನಿಗೆ ತುತ್ತು ಕೊಡುತ್ತಾ ಇನ್ನೊಂದು ಕೈಯಲ್ಲಿ ಸಂಸ್ಥೆಯವರು ತಂದಿಳಿಸಿದ ಪುಸ್ತಕದ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಎತ್ತಿ ಇಣುಕುತ್ತಿದ್ದಳು.

ಮೇಡಂ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಶಿವಮೊಗ್ಗದ ಹುಡುಗ ಕನ್ನಡದಲ್ಲಿ ಹೇಳಿದ: "ಈ ಮಕ್ಕಳಿಗೆ ಊಟ ಕೊಡ್ತಿರೋ ದಾನಿಗಳು ಯಾರು ಅಂತ ಕೇಳ್ತಿದ್ದಾರೆ."

ಎಲ್ಲರ ಕಣ್ಣೂ ಅಭ್ಯಾಸದಂತೆ ಅಧ್ಯಕ್ಷರ ಕಡೆ ಹೊರಳಿತು. ಅಧ್ಯಕ್ಷರ ಬಾಯಿ ತುಂಬ ನುಚ್ಚಿತ್ತು. ಅವರು ಎಡಗೈ ಎತ್ತಿ ಹಂಡೆಯ ಕಡೆ ತೋರಿಸಿದರು.

ಸೌಟು ಹಿಡಿದವಳು ಒಮ್ಮೆ ಮಗಳನ್ನು ನೋಡಿದಳು, ಮೇಡಮ್ಮನ್ನು ನೋಡಿದಳು. ನೆಟ್ಟಗೆ ನಿಂತಳು.

"ಇವತ್ತ ನಾನ್ರಿ," ಎಂದಳು. ಒಂದು ತಟ್ಟೆ ತೆಗೆದು ನುಚ್ಚು ಹಾಕಿ, ಮೇಲೆ ಮಜ್ಜಿಗೆ ಹೊಯ್ದು ಅವರ ಮುಂದೆ ಹಿಡಿದಳು. "ದೂರದಿಂದ ಬಂದೀರಿ. ಕುಂದ್ರಿ, ಉಣ್ರಿ."